ಸ್ಪೀಡ್ ಬರ್ತಿದೆ ಅಲ್ವಾ ಸರ್?

ಆನ್‌ಲೈನ್ ಆಟ ಎರಡು ರೀತಿಯಲ್ಲಿ ಕೈಕೊಡುತ್ತದೆ. ಎಲ್ಲರಿಗೂ ಒಟ್ಟಿಗೆ ಕೈಕೊಡುವುದು ಒಂದು. ನಿಮ್ಮ ಮನೆಯಲ್ಲಿ ಮಾತ್ರ ಕೈಕೊಡುವುದು ಇನ್ನೊಂದು. ಮೊದಲನೆಯದು ಪೇಪರಿನಲ್ಲಿ ಬರುತ್ತದೆ. ಎರಡನೆಯದಕ್ಕೆ ದೂರಿನ ಒಂದು ಟಿಕೆಟ್ ನಂಬರ್ ಸಿಗುತ್ತದೆ, ಅಷ್ಟೇ.

ಮೊದಲನೆಯದಕ್ಕೆ ಉದಾಹರಣೆ ಬೇಕಾದಷ್ಟಿವೆ. 2011ರ ಏಪ್ರಿಲ್ 20ರಂದು ಸೋನಿ ತನ್ನ ಪ್ಲೇಸ್ಟೇಷನ್ ನೆಟ್‌ವರ್ಕನ್ನು ಬಂದ್ ಮಾಡಿತು. ಯಾರೋ ಒಳಗೆ ನುಗ್ಗಿ ಸುಮಾರು 7.7 ಕೋಟಿ ಖಾತೆಗಳ ಮಾಹಿತಿಗೆ ಕೈಹಾಕಿದ್ದರು. ಮತ್ತೆ ಶುರುವಾಗಲು ಮೂರು ವಾರಕ್ಕೂ ಜಾಸ್ತಿ ಹಿಡಿಯಿತು. ಟೋಕಿಯೋದಲ್ಲಿ ಕಂಪನಿಯ ದೊಡ್ಡವರು ಕ್ಯಾಮೆರಾಗಳ ಮುಂದೆ ಬಗ್ಗಿ ಕ್ಷಮೆ ಕೇಳಿದರು. ಮರುವರ್ಷ ಮೇ ತಿಂಗಳಲ್ಲಿ ಡಯಾಬ್ಲೋ 3 ಅನ್ನುವ ಆಟ ಬಿಡುಗಡೆಯಾದಾಗ ಲಾಗಿನ್ ಆಗಲು ಹೋದವರಿಗೆಲ್ಲ 'ಎರರ್ 37' ದರ್ಶನವಾಯಿತು. ಆ ಸಂಖ್ಯೆ ಇವತ್ತಿಗೂ ಆಟಗಾರರ ನಡುವೆ ಒಂದು ಜೋಕು. 2013ರ ಮಾರ್ಚಿನಲ್ಲಿ ಬಂದ ಸಿಮ್‌ಸಿಟಿ ಇನ್ನೂ ತಮಾಷೆ. ಒಬ್ಬರೇ ಕೂತು ಊರು ಕಟ್ಟಬೇಕೆಂದರೂ ನೆಟ್ ಇರಲೇಬೇಕು ಅಂತ ಮಾಡಿಟ್ಟಿದ್ದರು. ಸರ್ವರ್ ಭಾರ ತಡೆಯಲಿಲ್ಲ. ಕೊನೆಗೆ ಕೊಂಡವರಿಗೆಲ್ಲ ಇನ್ನೊಂದು ಆಟ ಪುಕ್ಕಟೆ ಕೊಟ್ಟು ಸಮಾಧಾನ ಮಾಡಿದರು.

ಲಕ್ಷಾಂತರ ಜನ ಒಟ್ಟಿಗೆ ಬೈದರೆ ಕಂಪನಿಗೆ ಕಿವಿ ಕೇಳಿಸುತ್ತದೆ. ದಾವಣಗೆರೆಯ ಒಂದು ಮನೆಯಿಂದ ಒಬ್ಬ ಬೈದರೆ? ಈ ಬರಹ ಅದರ ಬಗ್ಗೆ.

ನನ್ನ ಕಷ್ಟ ಇಷ್ಟೇ. ಒಂದೇ ಬೀದಿಯಲ್ಲಿ ಬೆಳೆದ ಗೆಳೆಯ ಈಗ ಟೊರಾಂಟೋದಲ್ಲಿದ್ದಾನೆ. ಭಾನುವಾರ ನಮಗೆ ಸಂಜೆ ಅಂದರೆ ಅವನಿಗೆ ಬೆಳಿಗ್ಗೆ. ಆ ಹೊತ್ತಿನಲ್ಲಿ ಇಬ್ಬರೂ ಸೇರಿ ಬೇಸಾಯದ ಆಟ ಆಡುತ್ತೇವೆ. ಉಳುವುದು, ಬಿತ್ತುವುದು, ಕಟಾವು ಮಾಡುವುದು, ಸಾಲ ತೀರಿಸುವುದು. ಅವನ ಅಪ್ಪ ಇದ್ದ ಹೊಲ ಮಾರಿ ಮಗನನ್ನು ಓದಿಸಿದರು. ಮಗ ಈಗ ಅಲ್ಲಿ ಕೂತು ಟ್ರ್ಯಾಕ್ಟರ್ ಓಡಿಸುತ್ತಾನೆ. ಗುಂಡು ಹಾರಿಸುವ ಆಟ ನಮಗೆ ಆಗುವುದಿಲ್ಲ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ. ಇಲ್ಲಿಂದ ಟೊರಾಂಟೋಗೆ ನೇರ ಗೆರೆ ಎಳೆದರೂ ಸುಮಾರು 13,000 ಕಿಲೋಮೀಟರ್. ಹೋಗಿ ಬರುವುದಕ್ಕೇ 130 ಮಿಲಿಸೆಕೆಂಡ್ ಬೇಕು, ಕೇಬಲ್ ಸುತ್ತಿಬಳಸಿ ಹೋಗುವುದರಿಂದ ನಿಜವಾಗಿ ಇನ್ನೂ ಜಾಸ್ತಿ. ಅಷ್ಟರಲ್ಲಿ ಎದುರಾಳಿ ನಮ್ಮನ್ನು ಕೊಂದು ಮುಂದೆ ಹೋಗಿರುತ್ತಾನೆ. ಜೋಳಕ್ಕೆ ಅಂಥ ಅವಸರವಿಲ್ಲ.

ಮನೆ ಬದಲಿಸಿ, ಹೊಸ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡ ಮೇಲೆ ನಮ್ಮ ಬೇಸಾಯ ನಿಂತುಹೋಯಿತು. ನಾನು ಹೊಲ ತೆರೆದರೆ ಅವನಿಗೆ ಬರಲಾಗುವುದಿಲ್ಲ. ಅವನು ತೆರೆದರೆ ನನಗೆ ಹೋಗಲಾಗುವುದಿಲ್ಲ. 'ಹೋಸ್ಟ್ ಜೊತೆ ಸಂಪರ್ಕ ಆಗಲಿಲ್ಲ' ಅನ್ನುವ ಒಂದು ಸಾಲು, ಕೆಳಗೆ ಓಕೆ ಬಟನ್. ಮಜಾ ಅಂದರೆ, ಇದನ್ನೆಲ್ಲ ನಾವು ವಾಟ್ಸಾಪ್ ವಿಡಿಯೋ ಕಾಲ್‌ನಲ್ಲೇ ಮಾತಾಡಿಕೊಳ್ಳುತ್ತಿದ್ದೆವು. ಅವನ ಮುಖ ಸ್ವಚ್ಛವಾಗಿ ಕಾಣುತ್ತಿತ್ತು. ಬೇರೆ ಕೆಲವು ಅಪರಿಚಿತರ ಹೊಲಕ್ಕೆ ನಾನು ಆರಾಮಾಗಿ ಹೋಗಿಬರುತ್ತಿದ್ದೆ. ಇವನ ಹೊಲಕ್ಕೆ ಮಾತ್ರ ಆಗದು.

ಇದನ್ನು ಕಸ್ಟಮರ್ ಕೇರಿಗೆ ಹೇಳಿ ನೋಡಿ.

ನಮ್ಮ ಕಂಪನಿಯಲ್ಲಿ ಕನ್ನಡಕ್ಕೆ ಬೇರೆ ನಂಬರ್ ಒತ್ತುವ ಸೌಕರ್ಯವಿದೆ. ಅಲ್ಲಿ ಮಾತಾಡಿದ ಹುಡುಗ ಹುಡುಗಿಯರೆಲ್ಲ ಒಳ್ಳೆಯವರೇ. ದನಿಯಲ್ಲಿ ಬೇಸರವಿಲ್ಲ, ಅವಸರವಿಲ್ಲ. ಮೊದಲ ಮಾತು, ರೂಟರ್ ಆಫ್ ಮಾಡಿ ಆನ್ ಮಾಡಿ. ಮಾಡಿದೆ. ಸ್ಪೀಡ್ ಟೆಸ್ಟ್ ಮಾಡಿ ಸರ್. ಮಾಡಿದೆ.

"ಎಷ್ಟು ತೋರಿಸ್ತಿದೆ ಸರ್?"

"ನೂರು."

"ನಿಮ್ಮ ಪ್ಲಾನ್ ನೂರೇ ಇರೋದು. ಸ್ಪೀಡ್ ಬರ್ತಿದೆ ಅಲ್ವಾ ಸರ್?"

ಬರುತ್ತಿದೆ ತಾಯಿ. ಸ್ಪೀಡ್ ಬಗ್ಗೆ ನನ್ನ ತಕರಾರೇ ಇಲ್ಲ. ಆದರೆ ಈ ಪ್ರಶ್ನೆಗೆ 'ಹೌದು' ಅಂದ ಕೂಡಲೇ ದೂರು ಮುಗಿದಂತೆ. ಆಮೇಲೆ ನೀವು ಏನೇ ಹೇಳಿದರೂ ಅದು ಹರಟೆ. ಒಬ್ಬಳು ಅತ್ಯಂತ ಮರ್ಯಾದೆಯಿಂದ ಕೇಳಿದಳು: "ಗೇಮ್ ಬಿಟ್ರೆ ಬೇರೆ ಏನಾದ್ರೂ ಪ್ರಾಬ್ಲಮ್ ಇದೆಯಾ ಸರ್?" ನನಗೆ ಸಿಟ್ಟು ಬರಲಿಲ್ಲ. ನಮ್ಮ ಮನೆಯಲ್ಲೂ ಇದೇ ಪ್ರಶ್ನೆ, ಇನ್ನೂ ಕಡಿಮೆ ಮರ್ಯಾದೆಯಲ್ಲಿ.

ಫೋನ್ ಇಟ್ಟ ಮೇಲೆ ಮೆಸೇಜು: 'ನಿಮ್ಮ ದೂರು ಪರಿಹಾರವಾಗಿದೆ. ನಮ್ಮ ಸೇವೆಗೆ ಅಂಕ ಕೊಡಿ.'

ಆಟದ ಯಂತ್ರದ ಕಂಪನಿ ಕಡೆ ತಿರುಗಿದೆ. ಅಲ್ಲಿ ಫೋನೇ ಇಲ್ಲ, ಚಾಟ್ ಮಾತ್ರ. ಮೊದಲು ಒಂದು ಬಾಟ್. ಅದರ ಪ್ರಶ್ನೆಗಳ ಕಾಡು ದಾಟಿದರೆ ಒಬ್ಬ ಮನುಷ್ಯ, ಅಥವಾ ಮನುಷ್ಯನ ಹೆಸರಿಟ್ಟುಕೊಂಡ ಏನೋ ಒಂದು. ಇಂಗ್ಲಿಷಿನಲ್ಲಿ ಉದ್ದನೆಯ ಸಹಾನುಭೂತಿ. ಆಮೇಲೆ ಪೋರ್ಟ್ ನಂಬರುಗಳ, ಅಂದರೆ ನೆಟ್ಟಿನ ಮಾತು ಒಳಗೆ ಬರುವ ಬಾಗಿಲುಗಳ ಒಂದು ಪಟ್ಟಿ, ಇವನ್ನು ರೂಟರಿನಲ್ಲಿ ತೆರೆಯಿರಿ ಅಂತ. ತೆರೆದಿದ್ದೇನೆ, ಆದರೂ ಆಗಲಿಲ್ಲ ಅಂದೆ. ಹಾಗಾದರೆ ನಿಮ್ಮ ಇಂಟರ್ನೆಟ್ ಕೊಡುವವರನ್ನು ಕೇಳಿ ಅಂದರು. ಅವರು ನಿಮ್ಮನ್ನು ಕೇಳು ಅಂತಾರಲ್ಲ ಅಂದೆ. ಚಾಟ್ ಮುಗಿಯಿತು. ಕೆಲವು ದಿನದ ನಂತರ ಮೇಲ್ ಬಂತು: ನಿಮ್ಮಿಂದ ಉತ್ತರ ಬಾರದ ಕಾರಣ ಟಿಕೆಟ್ ಮುಚ್ಚಿದ್ದೇವೆ.

ಇಷ್ಟಕ್ಕೂ ರೋಗ ಏನು? ಒಂದೇ ವಾಕ್ಯದಲ್ಲಿ ಹೇಳಬಹುದಾದ ರೋಗ. ನಮ್ಮ ಮನೆಗೆ ಸ್ವಂತ ಇಂಟರ್ನೆಟ್ ವಿಳಾಸ ಇರಲಿಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಕನ್ನಡದಲ್ಲಿ ಯಾರೂ ನನಗೆ ಹೇಳಲಿಲ್ಲ. ಇಂಟರ್ನೆಟ್‌ನ ಹಳೆಯ ವಿಳಾಸಗಳು, ಅಂದರೆ ಐಪಿ ವರ್ಷನ್ 4, ಒಟ್ಟು ಸುಮಾರು 429 ಕೋಟಿ. ರೂಪಿಸಿದ ಕಾಲಕ್ಕೆ ಅದು ಬೆಟ್ಟದಷ್ಟು. ಆಮೇಲೆ ಮನೆಮನೆಗೆ ಕಂಪ್ಯೂಟರ್, ಕೈಕೈಗೆ ಫೋನ್. 2011ರ ಫೆಬ್ರವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳನ್ನು ಹಂಚಿಬಿಟ್ಟರು. ಅದೇ ಏಪ್ರಿಲ್‌ನಲ್ಲಿ ಏಷ್ಯಾ ಪೆಸಿಫಿಕ್ ಭಾಗದ ಹಂಚಿಕೆ ಸಂಸ್ಥೆ ಏಪ್ನಿಕ್ ತನ್ನ ಕೊನೆಯ ಕಂತಿಗೆ ಬಂದು, ರೇಷನ್ ಶುರು ಮಾಡಿತು. ಆ ಹೊತ್ತಿಗೆ ಅಮೆರಿಕದಲ್ಲಿ ಹಳೆಯ ಕಂಪನಿಗಳ ಬಳಿ ರಾಶಿರಾಶಿ ವಿಳಾಸ ಇದ್ದವು. ನಮ್ಮ ಕಡೆ ಬ್ರಾಡ್‌ಬ್ಯಾಂಡ್ ಆಗಿನ್ನೂ ಬೀದಿಗೆ ಬರುತ್ತಿತ್ತು. ತಡವಾಗಿ ಬಂದವರಿಗೆ ಉಳಿದದ್ದು.

ಉಳಿದದ್ದನ್ನು ಹಂಚಿಕೊಳ್ಳಲು ಕಂಪನಿಗಳು ಮಾಡಿದ ಏರ್ಪಾಡಿಗೆ ಕ್ಯಾರಿಯರ್ ಗ್ರೇಡ್ ನ್ಯಾಟ್, ಚಿಕ್ಕದಾಗಿ ಸಿಜಿನ್ಯಾಟ್, ಅನ್ನುತ್ತಾರೆ. ಹಳೆಯ ವಠಾರ ನೆನಪಿಸಿಕೊಳ್ಳಿ. ಇಡೀ ವಠಾರಕ್ಕೆ ಒಂದೇ ಡೋರ್ ನಂಬರ್, ಬಾಗಿಲಲ್ಲಿ ಒಬ್ಬ ಕಾವಲುಗಾರ. ಒಳಗಿನವರು ಯಾರಿಗಾದರೂ ಕಾಗದ ಬರೆದರೆ ಅವನು ಗುರುತು ಹಾಕಿಕೊಳ್ಳುತ್ತಾನೆ, ಉತ್ತರ ಬಂದಾಗ ಅವರಿಗೇ ತಲುಪಿಸುತ್ತಾನೆ. ಆದರೆ ಯಾರೂ ಕರೆಯದ ನೆಂಟ ಬಂದು ಬಾಗಿಲು ತಟ್ಟಿದರೆ? ಯಾವ ಮನೆಗೆ ಅಂತ ಅವನಿಗೆ ಗೊತ್ತಿಲ್ಲ. ವಾಪಸ್ ಕಳಿಸುತ್ತಾನೆ.

ಯೂಟ್ಯೂಬ್ ನೋಡುವಾಗ, ಬ್ಯಾಂಕಿನ ಕೆಲಸ ಮಾಡುವಾಗ, ಸ್ಪೀಡ್ ಟೆಸ್ಟ್ ಮಾಡುವಾಗ ಮೊದಲು ಮಾತಾಡುವವರು ನಾವು. ಹಾಗಾಗಿ ಎಲ್ಲ ಸರಿ. ಮಧ್ಯೆ ಕಂಪನಿಯದೇ ಸರ್ವರ್ ಇರುವ ಆಟಗಳೂ ಸರಿ. ವಾಟ್ಸಾಪ್ ಕಾಲ್‌ನಲ್ಲಿ ನೇರ ದಾರಿ ಸಿಗದಿದ್ದರೆ ಅವರ ಸರ್ವರ್ ಮೂಲಕವೇ ಮಾತು ದಾಟಿಸುತ್ತಾರೆ, ಅದೂ ಸರಿ. ಎಡವಟ್ಟಾಗುವುದು ಒಬ್ಬರ ಯಂತ್ರಕ್ಕೆ ಇನ್ನೊಬ್ಬರ ಯಂತ್ರ ನೇರವಾಗಿ ಕೈಜೋಡಿಸಬೇಕಾದ ಆಟಗಳಲ್ಲಿ. ಜಿಟಿಎ ಆನ್‌ಲೈನ್ ಹಾಗೇ ನಡೆಯುವುದು, ಟೆಕ್ಕನ್ ಹಾಗೇ ನಡೆಯುವುದು. ಎರಡೂ ಕಡೆಯವರು ಒಂದೇ ಹೊತ್ತಿಗೆ ಒಬ್ಬರಿಗೊಬ್ಬರು ಸಂದೇಶ ಕಳಿಸಿ ಕಾವಲುಗಾರನ ಕಣ್ಣು ತಪ್ಪಿಸುವ ಉಪಾಯ ಒಂದಿದೆ. ಒಂದು ಕಡೆಯಾದರೂ ಸಡಿಲ ಇದ್ದರೆ ಅದು ಫಲಿಸುತ್ತದೆ. ಎರಡೂ ಕಡೆ ಬಿಗಿಯಾಗಿದ್ದರೆ ಇಲ್ಲ.

ಈ ಬಿಗಿತವನ್ನು ಎಲ್ಲ ಯಂತ್ರಗಳೂ ಅಳೆದು ತೋರಿಸುತ್ತವೆ. ಎಕ್ಸ್‌ಬಾಕ್ಸ್ ಓಪನ್, ಮಾಡರೇಟ್, ಸ್ಟ್ರಿಕ್ಟ್ ಅನ್ನುತ್ತದೆ. ಪ್ಲೇಸ್ಟೇಷನ್ ಒಂದು, ಎರಡು, ಮೂರು ಅನ್ನುತ್ತದೆ. ನಿಂಟೆಂಡೋ ಸ್ವಿಚ್ ಶಾಲೆಯಂತೆ ಎ, ಬಿ, ಸಿ ಗ್ರೇಡ್ ಕೊಡುತ್ತದೆ. ಸುಲಭಕ್ಕೆ ಎಕ್ಸ್‌ಬಾಕ್ಸ್ ಭಾಷೆಯನ್ನೇ ಇಟ್ಟುಕೊಳ್ಳೋಣ. ಸ್ಟ್ರಿಕ್ಟ್ ಇದ್ದವರು ಓಪನ್ ಇದ್ದವರ ಜೊತೆ ಮಾತ್ರ ಆಡಬಹುದು. ನಂದು ಸ್ಟ್ರಿಕ್ಟ್. ಟೊರಾಂಟೋದಲ್ಲಿ ಗೆಳೆಯ ಇರುವ ಅಪಾರ್ಟ್‌ಮೆಂಟಿನಲ್ಲಿ ಇಡೀ ಕಟ್ಟಡಕ್ಕೆ ಒಂದೇ ವೈಫೈ, ಅವನದೂ ಸ್ಟ್ರಿಕ್ಟ್. ಅಪರಿಚಿತರ ಜೊತೆ ಆಗುತ್ತದೆ, ಇವನ ಜೊತೆ ಆಗುವುದಿಲ್ಲ ಅನ್ನುವ ಒಗಟಿನ ಉತ್ತರ ಅಷ್ಟೇ. ಅಪರಿಚಿತರಲ್ಲಿ ಕೆಲವರು ಓಪನ್ ಇದ್ದರು.

ಆಟದ ಕಂಪನಿ ಕೊಟ್ಟ ಪೋರ್ಟ್ ಪಟ್ಟಿ ಯಾಕೆ ಕೆಲಸಕ್ಕೆ ಬರಲಿಲ್ಲ ಅನ್ನುವುದೂ ಇದರಿಂದ ತಿಳಿಯುತ್ತದೆ. ನಾನು ತೆರೆದದ್ದು ನನ್ನ ಮನೆ ಬಾಗಿಲು. ಮುಚ್ಚಿದ್ದು ವಠಾರದ ಬಾಗಿಲು. ಅದರ ಬೀಗದ ಕೈ ನನ್ನ ಹತ್ತಿರ ಇಲ್ಲ.

ಇದನ್ನು ಕಂಡುಹಿಡಿಯುವುದು ಕಷ್ಟವೇ? ಇಲ್ಲ. ರೂಟರಿನ ಪುಟದಲ್ಲಿ ವ್ಯಾನ್ ಐಪಿ (WAN IP) ಅಂತ ಒಂದು ಸಂಖ್ಯೆ ಇರುತ್ತದೆ. ಬ್ರೌಸರಿನಲ್ಲಿ 'ನನ್ನ ಐಪಿ ಯಾವುದು' ಅಂತ ಹುಡುಕಿದರೆ ಇನ್ನೊಂದು ಸಂಖ್ಯೆ ಬರುತ್ತದೆ. ಎರಡೂ ಒಂದೇ ಇದ್ದರೆ ವಿಳಾಸ ನಿಮ್ಮದು. ಬೇರೆ ಬೇರೆ ಇದ್ದರೆ ನೀವು ವಠಾರದಲ್ಲಿದ್ದೀರಿ, ಅಥವಾ ನಿಮ್ಮ ಮನೆಯಲ್ಲೇ ಒಂದರ ಹಿಂದೆ ಒಂದು ರೂಟರ್ ಇದೆ. ವ್ಯಾನ್ ಐಪಿ 100.64ರಿಂದ 100.127ರ ಒಳಗೆ ಶುರುವಾದರೆ ಅನುಮಾನವೇ ಬೇಡ. ಆ ಸಂಖ್ಯೆಗಳನ್ನು 2012ರಲ್ಲಿ ಈ ಹಂಚಿಕೆಗೆಂದೇ ತೆಗೆದಿಟ್ಟರು. ಚಹಾ ಕುದಿಯುವಷ್ಟರಲ್ಲಿ ಮುಗಿಯುವ ಪರೀಕ್ಷೆ. ಫೋನಿನಲ್ಲಿ ಒಬ್ಬರಾದರೂ ಈ ಎರಡು ಸಂಖ್ಯೆ ಕೇಳಿದ್ದರೆ ಅವರ ಸಮಯವೂ ಉಳಿಯುತ್ತಿತ್ತು, ನನ್ನದೂ.

ಯಾಕೆ ಕೇಳಲಿಲ್ಲ ಅನ್ನುವುದನ್ನು ಬಿಡಿಸಿ ಹೇಳಿದ್ದು ನನ್ನ ಚಿಕ್ಕಪ್ಪನ ಮಗಳು. ಬೆಂಗಳೂರಿನ ಕಾಲ್ ಸೆಂಟರ್‌ನಲ್ಲಿ ಕೆಲಸ ಮಾಡಿ ಬಿಟ್ಟವಳು. "ಅಣ್ಣಾ, ನಮಗೆ ಗೊತ್ತಿದ್ರೂ ಹೇಳೋ ಹಾಗಿಲ್ಲ" ಅಂದಳು. ಪರದೆ ಮೇಲೆ ಪ್ರಶ್ನೆಗಳು ಬರುತ್ತವೆ. ಹೌದು ಅಂದರೆ ಈ ಕಡೆ, ಇಲ್ಲ ಅಂದರೆ ಆ ಕಡೆ. ಆ ಪ್ರಶ್ನೆಗಳ ಮರದಲ್ಲಿ ಇಲ್ಲದ ಕೊಂಬೆಗೆ ಹತ್ತುವಂತಿಲ್ಲ. ಒಂದು ಕಾಲ್ ಸರಾಸರಿ ಎಷ್ಟು ನಿಮಿಷ ಹಿಡಿಯಿತು ಅಂತ ಲೆಕ್ಕ ಇಡುತ್ತಾರೆ, ಅದಕ್ಕೆ ಎಎಚ್‌ಟಿ ಅಂತ ಹೆಸರು. ಅದು ಏರಿದರೆ ಟೀಮ್ ಲೀಡರ್ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. ನನ್ನಂಥವನ ಜೊತೆ ಅರ್ಧ ಗಂಟೆ ಕೂತು ರೋಗ ಹುಡುಕಿದ ಹುಡುಗಿಗೆ ಆ ದಿನ ಅಂಕ ಕಡಿಮೆ. 'ಸ್ಪೀಡ್ ಬರ್ತಿದೆ ಅಲ್ವಾ' ಅಂತ ಮುಗಿಸಿದವಳಿಗೆ ಜಾಸ್ತಿ. "ಹಂಗಂತ ಅಂಕ ಕೇಳಿ ಮೆಸೇಜ್ ಬಂದ್ರೆ ಸೊನ್ನೆ ಒತ್ತಬೇಡ ಮತ್ತೆ. ಅದು ಕಂಪನಿಗಲ್ಲ, ಆ ಹುಡುಗಿ ಸಂಬಳಕ್ಕೆ ಹೋಗುತ್ತೆ" ಅಂತ ಎಚ್ಚರಿಕೆಯನ್ನೂ ಕೊಟ್ಟಳು. ಅವತ್ತಿನಿಂದ ನಾನು ಎಲ್ಲರಿಗೂ ಐದಕ್ಕೆ ಐದು. ಕಂಪನಿಯ ಲೆಕ್ಕದಲ್ಲಿ ನಾನು ಬಹಳ ತೃಪ್ತ ಗ್ರಾಹಕ.

ನನಗೆ ಅನ್ನಿಸುವುದು ಇದು. ಫೋನ್ ಎತ್ತಿದವರು ಸುಳ್ಳು ಹೇಳಲಿಲ್ಲ, ಸೋಮಾರಿಗಳೂ ಅಲ್ಲ. ಕಂಪನಿ ತಾನು ಅಳೆಯುವುದನ್ನು ಮಾತ್ರ ಕೊಡುತ್ತೇನೆ ಅಂತ ತೀರ್ಮಾನಿಸಿದೆ. ಜಾಹೀರಾತಿನಲ್ಲಿ ಎಂಬಿಪಿಎಸ್, ಬಿಲ್ಲಿನಲ್ಲಿ ಎಂಬಿಪಿಎಸ್, ದೂರಿಗೆ ಉತ್ತರವೂ ಎಂಬಿಪಿಎಸ್. ಸರ್ಕಾರಿ ನಿಯಮ ಸ್ವಲ್ಪ ಮುಂದೆ ಹೋಗಿದೆ. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2024ರ ಗುಣಮಟ್ಟದ ನಿಯಮಗಳಲ್ಲಿ ಲೇಟೆನ್ಸಿ (ಮಾತು ತಲುಪಲು ಹಿಡಿಯುವ ಹೊತ್ತು), ಜಿಟ್ಟರ್ (ಆ ಹೊತ್ತಿನ ಏರಿಳಿತ), ಪ್ಯಾಕೆಟ್ ಕಳೆದುಹೋಗುವುದು ಎಲ್ಲ ಇವೆ. ಆದರೆ ಮನೆಗೆ ಸ್ವಂತ ವಿಳಾಸ ಕೊಟ್ಟಿದ್ದಾರೋ ಇಲ್ಲವೋ ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಕನೆಕ್ಷನ್ ಕೊಡುವಾಗ ಬಾಯಿಬಿಟ್ಟು ಹೇಳಿದ್ದರೂ ಸಾಕಿತ್ತು. ವಿಳಾಸ ಹಂಚುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ, ಇಲ್ಲದ್ದನ್ನು ಎಲ್ಲಿಂದ ತರುತ್ತಾರೆ? ಹಂಚಿದ್ದನ್ನು ಮುಚ್ಚಿಡುವುದು ತಪ್ಪು.

ಐಪಿ ವರ್ಷನ್ 6 ಬಂದರೆ ಈ ತೊಂದರೆ ಇರುವುದಿಲ್ಲವಲ್ಲ ಅಂತ ತಿಳಿದವರು ಕೇಳುತ್ತಾರೆ. ನಿಜ, ಅಲ್ಲಿ ವಿಳಾಸಗಳಿಗೆ ಬರವಿಲ್ಲ. ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂದಿನ ಸಾಲಿನಲ್ಲೇ ಇದೆ, ಬಹುಪಾಲು ಮೊಬೈಲ್ ಕಂಪನಿಗಳ ದೆಸೆಯಿಂದ. ಆದರೆ ಆಟವೂ ಒಪ್ಪಬೇಕು, ಎದುರಿನವನ ಮನೆಯ ನೆಟ್ಟೂ ಒಪ್ಪಬೇಕು. ನಮ್ಮ ಬೇಸಾಯದ ಆಟ ಒಪ್ಪಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಬೀದಿಯ ಕೇಬಲ್ ಹುಡುಗ. ಪಕ್ಕದ ಮನೆಯ ತೆಂಗಿನ ಗರಿ ಬಿದ್ದು ಫೈಬರ್ ತುಂಡಾಗಿತ್ತು, ಜೋಡಿಸಲು ಬಂದಿದ್ದ. ಕೆಲಸ ಮುಗಿಸಿ ನೀರು ಕುಡಿಯುವಾಗ ಸುಮ್ನೆ ಕೇಳಿದೆ. ಅವನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

"ಅದು ನ್ಯಾಟ್ ಸಮಸ್ಯೆ ಸರ್. ನಿಮಗೆ ಸ್ಟ್ಯಾಟಿಕ್ ಐಪಿ, ಅಂದ್ರೆ ಬದಲಾಗದ ಸ್ವಂತ ವಿಳಾಸ ಬೇಕ್ರಿ. ಮಂಡಿಪೇಟೆ ಕಡೆ ಅಂಗಡಿಯವರೆಲ್ಲ ತಗೊಂಡಾರ. ಸಿಸಿಟಿವಿ ಮನೇಲಿ ಕೂತು ನೋಡ್ಬೇಕಲ್ರೀ, ಅದಕ್ಕೂ ಇದೇ ತೊಂದ್ರೆ."

"ಮತ್ತೆ ಕಸ್ಟಮರ್ ಕೇರ್‌ನವರು ಯಾಕೆ ಹೇಳಲಿಲ್ಲ?"

"ನೀವು ಗೇಮ್ ಅಂದಿರಿ. ಕ್ಯಾಮೆರಾ ಅನ್ನಬೇಕಿತ್ತು."

ನಕ್ಕೆವು. ಆದರೆ ಅವನು ತಮಾಷೆಗೆ ಹೇಳಿದ್ದಲ್ಲ. ಅಂಗಡಿಯ ಕ್ಯಾಮೆರಾ ಅಂದರೆ ವ್ಯಾಪಾರ, ವ್ಯಾಪಾರ ಅಂದರೆ ಬೇರೆ ಪ್ಲಾನ್, ಬೇರೆ ಪ್ಲಾನ್ ಅಂದರೆ ಅವರ ಪ್ರಶ್ನೆಮರದಲ್ಲಿ ಒಂದು ಕೊಂಬೆ ಇದೆ. ಭಾನುವಾರ ಗೆಳೆಯನ ಜೊತೆ ಜೋಳ ಬಿತ್ತುವವನಿಗೆ ಕೊಂಬೆ ಇಲ್ಲ. ತಂತ್ರಜ್ಞಾನದ ಕಣ್ಣಿಗೆ ಎರಡೂ ಒಂದೇ ರೋಗ.

ಅವನೇ ಫ್ರಾಂಚೈಸಿಯವರಿಗೆ ವಾಟ್ಸಾಪ್ ಮಾಡಿದ. ಮರುದಿನ ಬಂದು ಫೈಬರ್ ಡಬ್ಬವನ್ನು ಬ್ರಿಜ್ ಮೋಡಿಗೆ, ಅಂದರೆ ಬರೀ ದಾಟಿಸುವ ಕೆಲಸಕ್ಕೆ ಹಾಕಿ, ಹೊಸ ವಿಳಾಸವನ್ನು ನನ್ನ ರೂಟರಿನಲ್ಲಿ ಕೂರಿಸಿ, ಅದರಲ್ಲಿ ಯುಪಿಎನ್‌ಪಿ (ಆಟ ಕೇಳಿದ ಪೋರ್ಟನ್ನು ತಾನಾಗಿ ತೆರೆಯುವ ವ್ಯವಸ್ಥೆ) ಆನ್ ಇದೆಯಾ ನೋಡಿ ಹೋದ. ಡಬ್ಬದ ಪಾಸ್‌ವರ್ಡ್ ಕಸ್ಟಮರ್ ಕೇರಿನವರು ಭದ್ರತೆಯ ಕಾರಣಕ್ಕೆ ಕೊಡಲಾಗುವುದಿಲ್ಲ ಅಂದಿದ್ದರು. ಅವನಿಗೆ ಬಾಯಿಪಾಠ. ಟೆಸ್ಟ್ ಮಾಡಿದರೆ ಓಪನ್.

ಇದಕ್ಕೆ ತಿಂಗಳಿಗೆ ಬೇರೆ ಬಾಡಿಗೆ, ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ. ಹಿಂದೆ ಸುಮ್ಮನೆ ಕನೆಕ್ಷನ್ ಜೊತೆ ಬರುತ್ತಿದ್ದದ್ದಕ್ಕೆ ಈಗ ದುಡ್ಡು. ಕೊಡುವುದಕ್ಕೆ ನನಗೆ ಅಂಥ ಬೇಜಾರಿಲ್ಲ. ಮೊದಲ ದಿನವೇ ಕೇಳಿದ್ದರೂ ಕೊಡುತ್ತಿದ್ದೆ. ಮಾರುವುದಕ್ಕೆ ವಸ್ತು ಇದೆ, ಕೊಳ್ಳುವವನು ಫೋನ್ ಮಾಡಿ ಗೋಗರೆಯುತ್ತಿದ್ದಾನೆ, ಆದರೂ ಮಾರಲಾಗದ ವ್ಯಾಪಾರ ಅದೆಂಥದ್ದೋ.

ಇದೇ ಪೇಚಿನಲ್ಲಿ ಇರುವವರಿಗೆ ನನಗೆ ಗೊತ್ತಾದಷ್ಟು ಹೇಳುತ್ತೇನೆ. ಫೋನಿನಲ್ಲಿ ಆಟದ ಸುದ್ದಿ ಎತ್ತಬೇಡಿ, ಸ್ಪೀಡಿನ ಸುದ್ದಿಯನ್ನಂತೂ ಬೇಡವೇ ಬೇಡ. 'ನಾನು ಸಿಜಿನ್ಯಾಟ್ ಹಿಂದೆ ಇದ್ದೇನೆ, ಪಬ್ಲಿಕ್ ಐಪಿ ಬೇಕು' ಅನ್ನಿ. ಪಬ್ಲಿಕ್ ಐಪಿ ಅಂದರೆ ವಠಾರದ್ದಲ್ಲದ ಸ್ವಂತ ವಿಳಾಸ. ರೂಟರ್ ಮತ್ತು ಬ್ರೌಸರ್ ತೋರಿಸುವ ಆ ಎರಡು ಸಂಖ್ಯೆಗಳ ಫೋಟೋ ಇಟ್ಟುಕೊಂಡಿರಿ. ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್, ಬರೆದಿಟ್ಟುಕೊಳ್ಳಿ. ಟ್ರಾಯ್‌ನ 2012ರ ನಿಯಮದ ಪ್ರಕಾರ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಕೇಳುವ ಅಧಿಕಾರಿ ಇರಬೇಕು. ಮನವಿಗೆ ಫೀಸ್ ಇಲ್ಲ, 39 ದಿನದೊಳಗೆ ತೀರ್ಮಾನ ಕೊಡಬೇಕು. ಕಸ್ಟಮರ್ ಕೇರಿನವರು ಆ ಅಧಿಕಾರಿಯ ಸುದ್ದಿ ತಾವಾಗಿ ಎತ್ತುವುದಿಲ್ಲ. ಹೆಸರೆತ್ತಿದರೆ ದನಿ ಸ್ವಲ್ಪ ಬದಲಾಗುತ್ತದೆ, ಅದು ನನ್ನ ಅನುಭವ. ದುಡ್ಡು ಕೊಟ್ಟು ಕೊಂಡ ಆಟವೇ ನಡೆಯದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಕಾನೂನು ಬಂದ ಮೇಲೆ ನೀವಿರುವ ಜಿಲ್ಲೆಯಲ್ಲೇ ದೂರು ಹಾಕಲು ಅವಕಾಶವಿದೆ. ಆದರೆ ಇದೆಲ್ಲಕ್ಕಿಂತ ಮೊದಲು, ಲೈನ್ ರಿಪೇರಿಗೆ ಬರುವ ಹುಡುಗನಿಗೆ ನೀರು ಕೊಟ್ಟು ಎರಡು ಮಾತು ಕೇಳಿ.

ಟೊರಾಂಟೋದವನದು ಈಗಲೂ ಸ್ಟ್ರಿಕ್ಟೇ. ಅವನ ಅಪಾರ್ಟ್‌ಮೆಂಟಿನವರಿಗೆ ಹೇಳಿ ಸರಿ ಮಾಡಿಸಿಕೋ ಅಂದರೆ, "ಯಾಕಲೇ, ನಿಂದು ಓಪನ್ ಐತಲ್ಲ, ಸಾಕು" ಅನ್ನುತ್ತಾನೆ. ಹೋದ ವಾರ ಕಟಾವು ಆಯಿತು. ಬಂದ ದುಡ್ಡಿನಲ್ಲಿ ನನ್ನನ್ನು ಕೇಳದೆ ಇನ್ನೊಂದು ಟ್ರ್ಯಾಕ್ಟರ್ ತಗೊಂಡಿದ್ದಾನೆ.